ಹುಳದ ಮಾಡೆಲ್, ಮೂರನೇ ವಾರ: ಬಾಲ ಮುಂದಾಗಿ ಹೊರಟಿತು

ಕೊನೆಗೂ ನನ್ನ ಕಂಪ್ಯೂಟರ್ ಮಾಡೆಲ್‌ನ ಹುಳ ನಡೆಯಿತು. ಆದರೆ ಹಿಂದಕ್ಕೆ!

ಇದು ಎರೆಹುಳ ಅಲ್ಲ. ತೀರ್ಥಹಳ್ಳಿಯ ನಮ್ಮ ಅಡಿಕೆ ತೋಟದ ಮಣ್ಣಿನಲ್ಲಿರುವ ದಾರದಂಥ ಹುಳ, ಮಿಲಿಮೀಟರ್ ಉದ್ದವೂ ಇಲ್ಲ. ವಿಜ್ಞಾನಿಗಳ ಮುದ್ದಿನ ಹುಳ ಸಿ. ಎಲೆಗನ್ಸ್‌ನ ನೆಂಟರಿಷ್ಟರು. ಸಿ. ಎಲೆಗನ್ಸ್‌ಗೆ ಇರುವುದು ಬರೀ 302 ನರಕೋಶ. ನಾನಿನ್ನೂ ನರಗಳ ಸುದ್ದಿಗೇ ಹೋಗಿಲ್ಲ, ಸದ್ಯಕ್ಕೆ ಮೈ ಮಾತ್ರ.

ಮೈಯನ್ನು 24 ತುಂಡು ಮಾಡಿದ್ದೇನೆ. ಬಾಗು ತಲೆಯಿಂದ ಬಾಲಕ್ಕೆ ಅಲೆಯಾಗಿ ಹರಿಯುತ್ತದೆ. ಇಷ್ಟು ಸಣ್ಣ ಜೀವಕ್ಕೆ ನೀರೂ ಜೋನಿಬೆಲ್ಲದ ಹಾಗೆ. ಮೈ ಆಡಿಸುವುದು ನಿಲ್ಲಿಸಿದರೆ ಅಲ್ಲೇ ನಿಂತಿತು, ತೇಲಿಕೊಂಡು ಮುಂದೆ ಹೋಗುವುದಿಲ್ಲ. ಹಾಗಾಗಿ ಪ್ರತಿ ಕ್ಷಣಕ್ಕೂ ಎಳೆತಗಳೆಲ್ಲ (ಚಲಿಸುವ ಮೈಯನ್ನು ಸುತ್ತಲಿನ ನೀರು ತಡೆಯುವ ಬಲ) ಕೂಡಿ ಸೊನ್ನೆ ಎಂದು ಬರೆದರೆ ವೇಗ ಸಿಗುತ್ತದೆ. 1955ರಲ್ಲಿ ಗ್ರೇ ಮತ್ತು ಹ್ಯಾನ್‌ಕಾಕ್ ವೀರ್ಯಾಣುವಿನ ಈಜಿಗೆ ಹಾಕಿದ ಲೆಕ್ಕ ಇದೇ.

ಕಳೆದ ವಾರ ಹುಳ ನಿಂತಲ್ಲೇ ಒದ್ದಾಡುತ್ತಿತ್ತು. ಉದ್ದಕ್ಕೆ ಜಾರುವಾಗಿನ ಎಳೆತ, ಅಡ್ಡಕ್ಕೆ ತಳ್ಳುವಾಗಿನ ಎಳೆತ, ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟುಬಿಟ್ಟಿದ್ದೆ. ಅದನ್ನು ಸರಿ ಮಾಡಲು ಹೋಗಿ ಎರಡನ್ನೂ ಅದಲುಬದಲು ಮಾಡಿದೆ, ಹುಳ ಹಿಂದಕ್ಕೆ ಹೊರಟಿದ್ದು ಅದಕ್ಕೇ. ಎಲ್ಲೋ ಮೈನಸ್ ಚಿಹ್ನೆ ತಪ್ಪಿದೆ ಅಂತ ಎರಡು ಸಂಜೆ ಹುಡುಕಿದ್ದೇ ಬಂತು. ಮಧ್ಯೆ ಕರೆಂಟೂ ಹೋಯಿತು. ತಮಾಷೆ ಅಂದ್ರೆ, ಮೈಪಕ್ಕಕ್ಕೆ ಕುಚ್ಚುಗಳಿರುವ ಕೆಲವು ಸಮುದ್ರದ ಹುಳಗಳು ನಿಜವಾಗಿಯೂ ಹೀಗೇ, ಅಲೆ ಹೋದ ದಿಕ್ಕಿಗೇ ಹೋಗುತ್ತವೆ. ನನ್ನ ತಪ್ಪಿಗೂ ಒಂದು ಪ್ರಾಣಿ ಇತ್ತು, ಅಲ್ವಾ!

ಈಗ ಅಡ್ಡ ಎಳೆತ ಉದ್ದದ ಒಂದೂವರೆ ಪಟ್ಟು ಎಂದಿಟ್ಟರೆ, ಅಲೆ ಹಿಂದಕ್ಕೆ ಹರಿದ ದೂರದ ಸುಮಾರು ಏಳನೇ ಒಂದು ಪಾಲು ಮಾತ್ರ ಹುಳ ಮುಂದೆ ಸಾಗುತ್ತದೆ. ಅದು ನೀರು. ನಲವತ್ತು ಪಟ್ಟು ಕೊಟ್ಟರೆ ಹತ್ತರಲ್ಲಿ ಒಂಬತ್ತು ಪಾಲು. ಅದು ಜೆಲ್ಲಿಯ ಮೇಲೆ.

ನಿಜವಾದ ಹುಳದಲ್ಲೂ ನೋಡೋಣ ಅಂತ, ಜೆಲ್ಲಿಗೆ ಕಿರಾಣಿ ಅಂಗಡಿಯ ಚೈನಾಗ್ರಾಸ್ ಕುದಿಸಿ ತಟ್ಟೆಗೆ ಹೊಯ್ದೆ. ತೋಟದ ಮಣ್ಣನ್ನು ಟಿಶ್ಯೂ ಪೇಪರಿನಲ್ಲಿ ಕಟ್ಟಿ ನೀರು ತುಂಬಿದ ಆಲಿಕೆಯಲ್ಲಿ ರಾತ್ರಿಯಿಡೀ ಇಟ್ಟರೆ ಹುಳ ತಳಕ್ಕೆ ಇಳಿಯುತ್ತವೆ. ಆ ನೀರಿನ ಒಂದು ತೊಟ್ಟನ್ನು ಜೆಲ್ಲಿಯ ಮೇಲೆ ಬಿಟ್ಟೆ. ನೀರು ಆರುತ್ತಿದ್ದ ಹಾಗೆ ಒದ್ದಾಟ ನಿಂತು, ಹಾವಿನ ನಡೆ ಶುರು. ಹಿಂದೆ ಕೂದಲೆಳೆಯಂಥ ಗೆರೆ. ಬಾಲ ಆ ಗೆರೆ ಬಿಟ್ಟು ಆಚೀಚೆ ಹೋಗಲಿಲ್ಲ.

"ಮಣ್ಣಲ್ಲಿ ಅದರ ಪಾಡಿಗೆ ಓಡಾಡ್ತಿತ್ತು, ನೀ ಎಂತಕ್ಕೆ ಓಡಿಸ್ತೀಯ ಮಾರಾಯ?" ಅಂದಳು ಅಮ್ಮ. ಆಮೇಲೆ ತಾನೇ ಹತ್ತು ನಿಮಿಷ ಮೈಕ್ರೋಸ್ಕೋಪ್ ಬಿಟ್ಟೇಳಲಿಲ್ಲ.

ಒಂದು ಕಡೆ ಮಾಡೆಲ್ ಇನ್ನೂ ಸುಳ್ಳು ಹೇಳುತ್ತಿದೆ. ನೀರಿನಲ್ಲಿ ನಿಜವಾದ ಹುಳ ಉದ್ದನೆಯ ಬಾಗಿನಲ್ಲಿ ಬೇಗ ಬೇಗ ಬಡಿಯುತ್ತದೆ. ನನ್ನದು ಎಲ್ಲಿ ಬಿಟ್ಟರೂ ಅದೇ ಅಲೆ. ಮುಂದಿನ ವಾರ ಮೈಗೆ ಸ್ವಲ್ಪ ಸ್ಪ್ರಿಂಗ್ ಗುಣ ಕೊಟ್ಟು ನೋಡಬೇಕು.