ಮಲ್ಟಿಟೂಲ್ ಕೊಳ್ಳುವಾಗ ಟೂಲ್ ಎಣಿಸಬೇಡಿ, ಪದರ ನೋಡಿ

ಕಟ್ಟಡಗಳ ಮೇಂಟೆನೆನ್ಸ್ ಕೆಲಸಕ್ಕೆ ಹೊಸದಾಗಿ ಸೇರಿದವರು ಜೇಬಿನ ಮಲ್ಟಿಟೂಲ್ ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ‘ಇದರಲ್ಲಿ ಎಷ್ಟು ಟೂಲ್ ಇದೆ?’ ಡಬ್ಬಿಯ ಮೇಲಿನ ಆ ಅಂಕಿಯಿಂದ ತಿಳಿಯುವುದು ಕಡಿಮೆ. ಸ್ವಿಸ್ ಕಂಪನಿ ವಿಕ್ಟೊರಿನಾಕ್ಸ್‌ನ ಸ್ಪಾರ್ಟನ್ ಎಂಬ ಮಡಚುವ ಚಾಕುವಿಗೆ 12 ಎಂದು ಲೆಕ್ಕ. ಹಲ್ಲುಕಡ್ಡಿ ಒಂದು, ಚಿಮುಟ ಒಂದು, ಕೀ ರಿಂಗ್ ಒಂದು. ಬಾಟಲಿ ಓಪನರ್, ಅದರ ತುದಿಯ ಸ್ಕ್ರೂಡ್ರೈವರ್, ಅದರ ಬುಡದಲ್ಲಿರುವ ವೈರ್ ಸುಲಿಯುವ ಕಚ್ಚು, ಈ ಮೂರಕ್ಕೂ ಬೇರೆ ಬೇರೆ ಅಂಕ. ಹಿಡಿಯಿಂದ ಬಿಡಿಸಿಕೊಳ್ಳುವ ಉಕ್ಕಿನ ತುಂಡುಗಳನ್ನು ಮಾತ್ರ ಎಣಿಸಿದರೆ ಸಿಗುವುದು ಆರು.

ಎಣಿಸಬೇಕಾದ್ದು ಪದರಗಳನ್ನು. 91 ಮಿ.ಮೀ. ಉದ್ದದ ಚಾಕುಗಳಲ್ಲಿ ಒಂದು ಪದರಕ್ಕೆ ಒಂದು ಸ್ಪ್ರಿಂಗ್. ಸ್ಪಾರ್ಟನ್‌ನಲ್ಲಿ ದೊಡ್ಡ ಅಲಗು, ಸಣ್ಣ ಅಲಗು ಒಂದೇ ಸ್ಪ್ರಿಂಗಿನ ಎರಡು ತುದಿಯಲ್ಲಿ ಕೂರುತ್ತವೆ. ಇನ್ನೊಂದು ಸ್ಪ್ರಿಂಗಿನ ಮೇಲೆ ಡಬ್ಬಿ ಓಪನರ್ ಮತ್ತು ಬಾಟಲಿ ಓಪನರ್. ಹಾಗಾಗಿ ಅದು ಎರಡು ಪದರದ ಚಾಕು. ಕತ್ತರಿ ಸೇರಿದರೆ ಮೂರು ಪದರ, ಕ್ಲೈಂಬರ್. ಗರಗಸವೂ ಸೇರಿದರೆ ನಾಲ್ಕು, ಹಂಟ್ಸ್‌ಮನ್. ಒಂದೊಂದು ಪದರಕ್ಕೆ ಸುಮಾರು 3 ಮಿ.ಮೀ. ದಪ್ಪ ಏರುತ್ತದೆ. ಎಂಟು ಪದರದ ಸ್ವಿಸ್‌ಚಾಂಪ್ 185 ಗ್ರಾಂ ತೂಗುತ್ತದೆ. ಅದನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ದಿನವಿಡೀ ಏಣಿ ಹತ್ತಿ ಇಳಿಯುವುದು ಹಿಂಸೆ. ದಪ್ಪವಾದಷ್ಟೂ ಅಂಗೈಯಲ್ಲಿ ಹಿಡಿತವೂ ಸಡಿಲವಾಗುತ್ತದೆ. ಮೂರು ಅಥವಾ ನಾಲ್ಕು ಪದರ ದಾಟಿದ್ದು ಟೂಲ್ ಬ್ಯಾಗಿಗೆ ಸರಿ, ಜೇಬಿಗಲ್ಲ ಎಂಬುದು ನಮ್ಮ ಅಭಿಪ್ರಾಯ.

ಬೆನ್ನಿನ ಕಡೆ ಏನಿದೆ ಎಂದು ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಸ್ಪಾರ್ಟನ್, ಕ್ಲೈಂಬರ್, ಹಂಟ್ಸ್‌ಮನ್ ಮೂರರ ಬೆನ್ನಿನಲ್ಲೂ ವೈನ್ ಬಾಟಲಿಯ ಬಿರಡೆ ತೆಗೆಯುವ ಸುರುಳಿ ಇರುತ್ತದೆ. ಅದೇ ಜಾಗದಲ್ಲಿ ಸ್ಟಾರ್ ಸ್ಕ್ರೂಡ್ರೈವರ್ ಇರುವ ಜೋಡಿಗಳು ಟಿಂಕರ್, ಸೂಪರ್ ಟಿಂಕರ್, ಫೀಲ್ಡ್‌ಮಾಸ್ಟರ್. ಪದರಗಳೆಲ್ಲ ಹೆಚ್ಚುಕಡಿಮೆ ಅವೇ. ಸ್ವಿಚ್ ಬೋರ್ಡು, ಕೇಬಲ್ ಟ್ರೇ, ಫಾಲ್ಸ್ ಸೀಲಿಂಗ್ ನಡುವೆ ಓಡಾಡುವವರಿಗೆ ಸುರುಳಿಯಿಂದ ಏನೂ ಪ್ರಯೋಜನವಿಲ್ಲ. ಸ್ಟಾರ್ ಇರುವುದನ್ನೇ ಕೊಳ್ಳಿ. ಸುರುಳಿಯದ್ದು ಈಗಾಗಲೇ ಕೈಯಲ್ಲಿದ್ದರೆ ಡಬ್ಬಿ ಓಪನರ್‌ನ 3 ಮಿ.ಮೀ. ತುದಿ ಬಳಸಿ, ಸಣ್ಣ ಸ್ಟಾರ್ ಸ್ಕ್ರೂಗಳಿಗೆ ಅದು ಚೆನ್ನಾಗಿ ಕೂರುತ್ತದೆ.

ಲಾಕ್ ವಿಷಯದಲ್ಲಿ ರಾಜಿ ಬೇಡ. 91 ಮಿ.ಮೀ. ಚಾಕುಗಳಿಗೂ ಅಲ್ಯೂಮಿನಿಯಂ ಹಿಡಿಯ 93 ಮಿ.ಮೀ. ಪಯನೀರ್‌ಗೂ ಲಾಕ್ ಇಲ್ಲ. ಅಲಗನ್ನು ಹಿಡಿದಿಡುವುದು ಸ್ಪ್ರಿಂಗಿನ ಒತ್ತಡ ಮಾತ್ರ. ಎಳೆದು ಕೊಯ್ಯುವ ಕೆಲಸಕ್ಕೆ ಅಷ್ಟು ಸಾಕು: ಕೇಬಲ್ ಟೈ, ಪ್ಯಾಕಿಂಗ್ ಪಟ್ಟಿ, ರಟ್ಟು. ತುದಿಯಿಂದ ಚುಚ್ಚಿ ಒತ್ತಿದರೆ, ಒತ್ತಡ ಅಲಗಿನ ಬೆನ್ನಿಗೆ ವಾಲಿದ ಕೂಡಲೇ ಅದು ಬೆರಳ ಮೇಲೆ ಮಡಚಿಕೊಳ್ಳುತ್ತದೆ. ತೂತು ಕೊರೆಯುವ ದಬ್ಬಳಕ್ಕೂ ಲಾಕ್ ಇಲ್ಲ, ಅದನ್ನು ನೇರವಾಗಿ ಒತ್ತಿ ನಿಧಾನವಾಗಿ ತಿರುಗಿಸಬೇಕು. ಚುಚ್ಚುವ, ತಳ್ಳುವ ಕೆಲಸ ಹೆಚ್ಚಿದ್ದರೆ 111 ಮಿ.ಮೀ. ಸಾಲಿನ ಲಾಕ್ ಇರುವ ಚಾಕು ಅಥವಾ ಲೆದರ್‌ಮನ್ ಕಂಪನಿಯ ವೇವ್ ಎಂಬ ಇಕ್ಕಳದ ಮಲ್ಟಿಟೂಲ್ ಬೇಕು. ಲಾಕ್ ಇದ್ದರೂ ಅದು ಪೂರ್ತಿ ಕೂತಿದೆಯೇ ಎಂದು ಕಣ್ಣಾರೆ ನೋಡಿ. ಒಳಗಿನ ಉಕ್ಕಿನ ಪಟ್ಟಿ ಅಲಗಿನ ಬುಡದ ಹಿಂದಕ್ಕೆ ಬಂದು ನಿಲ್ಲಬೇಕು. ಜೇಬಿನ ನೂಲುಧೂಳು, ಸಿಮೆಂಟ್ ಪುಡಿ ಸಂದಿಯಲ್ಲಿ ಗಟ್ಟಿಯಾದರೆ ಪಟ್ಟಿ ಅರ್ಧದಲ್ಲೇ ನಿಲ್ಲುತ್ತದೆ, ಆದರೂ ‘ಟಿಕ್’ ಎಂಬ ಸದ್ದು ಬರುತ್ತದೆ. ಆ ಸದ್ದನ್ನು ನಂಬಬೇಡಿ.

ಇಕ್ಕಳ ಬೇಕಾದವರ ದಾರಿ ಬೇರೆ. ಟಿಮ್ ಲೆದರ್‌ಮನ್ 1983ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಮಾದರಿಯಿಂದಲೂ ಆ ಕಂಪನಿಯ ಟೂಲ್‌ಗಳ ನಡುಗಂಬ ಇಕ್ಕಳವೇ. ಚಾಕು ಅದಕ್ಕೆ ಜೊತೆಯಾದದ್ದು. 1998ರ ವೇವ್‌ನಲ್ಲಿ ಅಲಗುಗಳು ಹಿಡಿಯ ಹೊರಬದಿಗೆ ಬಂದವು, ಇಕ್ಕಳ ತೆರೆಯದೆ ಒಂದೇ ಕೈಯಲ್ಲಿ ಬಿಡಿಸಬಹುದು. 2018ರ ವೇವ್ ಪ್ಲಸ್‌ನಲ್ಲಿ ತಂತಿ ಕತ್ತರಿಸುವ ಬಾಯಿಯನ್ನು ಸ್ಕ್ರೂ ಬಿಚ್ಚಿ ಬದಲಾಯಿಸಬಹುದು. ಹೆಚ್ಚಿನ ಬೆಲೆಗೆ ತಕ್ಕ ಸುಧಾರಣೆ ಇದು, ಏಕೆಂದರೆ ಮೊದಲು ಹಾಳಾಗುವುದು ಅದೇ ಜಾಗ. ತಾಮ್ರದ ವೈರಿಗೆ ಏನೂ ಆಗುವುದಿಲ್ಲ. ಸ್ಪ್ರಿಂಗ್ ತಂತಿಯಂಥ ಗಟ್ಟಿ ಉಕ್ಕು ಹಾಕಿ ಹಿಸುಕಿದರೆ ಬಾಯಿಯಲ್ಲಿ ಕಚ್ಚು ಬೀಳುತ್ತದೆ. ಗಟ್ಟಿ ತಂತಿಗೆಂದು ಬುಡದ ಹತ್ತಿರ ಬೇರೆ ಕಚ್ಚು ಇದೆ, ಅಲ್ಲಿಟ್ಟು ಕತ್ತರಿಸಿ. ನಟ್ ಬಿಚ್ಚಲು ಮಾತ್ರ ಈ ಇಕ್ಕಳ ಬೇಡ, ಮೂಲೆಗಳು ಸವೆದು ನಟ್ ದುಂಡಗಾಗುತ್ತದೆ. ವೇವ್ ಪ್ಲಸ್ ತೂಕ 241 ಗ್ರಾಂ, ಬೆಲ್ಟಿಗೆ ಹಾಕಿಕೊಳ್ಳುವುದೇ ವಾಸಿ.

ಈ ಟೂಲ್‌ಗಳಲ್ಲಿ ಯಾವುದಕ್ಕೂ ಇನ್ಸುಲೇಶನ್ ಇಲ್ಲ. ಕೆಂಪು ಪ್ಲಾಸ್ಟಿಕ್ ಹಿಡಿ ನೋಡಿ ಮೋಸಹೋಗಬೇಡಿ, ಬೆನ್ನಿನ ಸ್ಪ್ರಿಂಗ್ ಬೆರಳಿಗೆ ತಾಗುವಂತೆ ಬರಿದಾಗಿದೆ. ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಮುಟ್ಟಿ. ಕರೆಂಟ್ ಇರಬಹುದೆಂಬ ಸಂಶಯವಿದ್ದ ಕಡೆ 1000 ವೋಲ್ಟ್ ಗುರುತಿನ ಸ್ಕ್ರೂಡ್ರೈವರ್ ಹೊರತು ಬೇರೇನೂ ಬೇಡ.

ಅಲಗಿನಿಂದ ಮೀಟಿ ಡಬ್ಬಿಯ ಮುಚ್ಚಳ ತೆಗೆಯುವವರು ತುದಿ ಮುರಿದ ಮೇಲೆ ಉಕ್ಕನ್ನು ಬೈಯುತ್ತಾರೆ. ಉಕ್ಕಿನ ಗಡಸು ಅಳೆಯುವ ರಾಕ್‌ವೆಲ್ ಮಾಪನದಲ್ಲಿ ವಿಕ್ಟೊರಿನಾಕ್ಸ್ ಅಲಗಿನದ್ದು 56, ಕತ್ತರಿ, ಗರಗಸಗಳದ್ದು 53, ಸ್ಕ್ರೂಡ್ರೈವರ್, ಓಪನರ್‌ಗಳದ್ದು 52, ಸ್ಪ್ರಿಂಗಿನದ್ದು 49. ಈ ವ್ಯತ್ಯಾಸ ಬೇಕೆಂದೇ ಇಟ್ಟದ್ದು. ಅಂಚು ಉಳಿಯಲು ಗಡಸು ಬೇಕು, ತಿರುಚುವ, ಮೀಟುವ ತುಂಡು ಮುರಿಯದಿರಲು ಸ್ವಲ್ಪ ಮೆತ್ತಗಿರಬೇಕು. ಮೀಟಲು ಬಾಟಲಿ ಓಪನರ್‌ನ ಅಗಲ ತುದಿ ಇದೆ.

ಸಾಣೆ ಹಿಡಿಯಲು 1000 ಗ್ರಿಟ್ ಕಲ್ಲು ಸಾಕು, ಪ್ರತಿ ಬದಿಗೆ 15ರಿಂದ 20 ಡಿಗ್ರಿ. ಬೀದಿಯ ಸಾಣೆಚಕ್ರಕ್ಕೆ ಕೊಡಬೇಡಿ. ಬಿಸಿಯಾಗಿ ಅಂಚು ನೀಲಿಗಟ್ಟಿದರೆ ಅಲ್ಲಿಯ ಗಡಸು ಹೋಯಿತೆಂದೇ ಅರ್ಥ. ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ತುಕ್ಕು ಬಾರದೆಂದಲ್ಲ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಸಂದಿಗಳೊಳಗೆ ಚುಕ್ಕೆ ಏಳುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಮುಳುಗಿಸಿ ಪ್ರತಿ ಟೂಲನ್ನೂ ಹಲವು ಸಲ ತೆರೆದು ಮುಚ್ಚಿ, ಪೂರ್ತಿ ಒಣಗಿಸಿ, ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ ಹಾಕಿದರೆ ತಿಂಗಳುಗಳಲ್ಲಿ ಅಂಟಾಗುತ್ತದೆ.

ಸಂಗ್ರಹಿಸುವ ಆಸೆ ಇರುವವರಿಗೆ ಸ್ವಿಸ್ ಸೇನೆಯ 1961ರ ಮಾದರಿಯಿಂದ ಶುರುಮಾಡಿ ಎನ್ನುತ್ತೇವೆ. ಅಲ್ಯೂಮಿನಿಯಂ ಹಿಡಿಯ ಈ ಚಾಕುವಿನ ಅಲಗಿನ ಬುಡದಲ್ಲಿ ತಯಾರಾದ ವರ್ಷದ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ, ವಯಸ್ಸು ಊಹಿಸಬೇಕಿಲ್ಲ. ಇದನ್ನು ವಿಕ್ಟೊರಿನಾಕ್ಸ್, ವೆಂಗರ್ ಎರಡೂ ಕಂಪನಿಗಳು ಮಾಡಿದವು. 2005ರಲ್ಲಿ ವೆಂಗರನ್ನು ವಿಕ್ಟೊರಿನಾಕ್ಸ್ ಕೊಂಡಿತು. ಎರಡೂ ಮುದ್ರೆಯವನ್ನು ಪಕ್ಕದಲ್ಲಿಟ್ಟು ಡಬ್ಬಿ ಓಪನರ್ ಹೋಲಿಸಿ, ಆಕಾರವೇ ಬೇರೆ. ಹಳೆಯದು ಕೊಳ್ಳುವಾಗ ಅಲಗಿನ ಅಗಲವನ್ನು ಹೊಸದರ ಜೊತೆ ಅಳೆಯಿರಿ. ಸಾಣೆ ತಿಂದು ಸಣಕಲಾದದ್ದರಲ್ಲಿ ಉಗುರು ಹಾಕುವ ಗೆರೆ ಅಂಚಿಗೆ ತೀರ ಹತ್ತಿರ ಬಂದಿರುತ್ತದೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದುಕೊಂಡು ಅಲಗನ್ನು ಕಲೆಗಟ್ಟಿಸುತ್ತದೆ.

ಸೈಟಿಗೆ ವಿಮಾನದಲ್ಲಿ ಹೋಗುವ ದಿನ ಇವೆಲ್ಲ ಚೆಕ್-ಇನ್ ಬ್ಯಾಗಿಗೆ ಹೋಗಬೇಕು. ಕೀ ಗೊಂಚಲಿಗೆ ಸಿಕ್ಕಿಸಿದ 58 ಮಿ.ಮೀ. ಕ್ಲಾಸಿಕ್ ಕೂಡ ಚಾಕುವೇ. ಭದ್ರತಾ ತಪಾಸಣೆಯಲ್ಲಿ ಹೆಚ್ಚಾಗಿ ಕೈಬಿಟ್ಟುಹೋಗುವುದು ಅದು.