‘ಹೆವಿ ಲಾಸ್’ ಅಲ್ಲ, ‘ಗ್ರೇಟ್ ಲಾಸ್’

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ‘ಹೆವಿ ಲಾಸ್’ ಅಂತ ಬರೆದ. ಎರಡೇ ನಿಮಿಷಕ್ಕೆ ಇನ್ನೊಬ್ಬನ ಉತ್ತರ: ‘ಹೆವಿ ಲಾಸ್ ಆಗೋದು ಅಡಿಕೆ ವ್ಯಾಪಾರದಲ್ಲಿ ಕಣೋ. ಮೇಷ್ಟ್ರು ಹೋದರೆ ಗ್ರೇಟ್ ಲಾಸ್.’ ಸಾವಿನ ಹೊತ್ತಲ್ಲೂ ತಿದ್ದುವ ಚಾಳಿ! ಅದನ್ನು ಅಂಟಿಸಿದವರೂ ಅವರೇ.

ಐದನೇ ತರಗತಿಯಲ್ಲಿ ಎಬಿಸಿಡಿ ಶುರು ಮಾಡಿ ಎಂಟಕ್ಕೆ ಬಂದ ಕನ್ನಡ ಮಾಧ್ಯಮದವರು ನಾವು. ಆ ವರ್ಷದ ಪಠ್ಯದಲ್ಲಿ ಏನಿತ್ತೋ, ಒಂದು ಪಾಠದ ಹೆಸರೂ ಯಾರಿಗೂ ನೆನಪಿಲ್ಲ. ನೆನಪಿರುವುದು ಮೊದಲ ದಿನ ಅವರು ಕನ್ನಡದಲ್ಲೇ ಕೇಳಿದ ಪ್ರಶ್ನೆಗಳು. ಸೊಪ್ಪನ್ನು ಏನು ಮಾಡ್ತೀರಿ? ಹೆಚ್ಚುತ್ತೇವೆ. ಮರವನ್ನು? ಕಡಿಯುತ್ತೇವೆ. ಪೈರನ್ನು? ಕೊಯ್ಯುತ್ತೇವೆ. ‘ಇಂಗ್ಲಿಷಿನವನು ಎಲ್ಲಕ್ಕೂ ಕಟ್ ಅಂತಲೇ ಹೇಳಿಬಿಡಬಹುದು. ಅವನು ಕನ್ನಡ ಕಲಿತು, ಕೂದಲು ಕಡಿಸಿಕೊಂಡು ಬಂದೆ ಅಂದರೆ ನಗ್ತೀರಲ್ಲ? ನೀವು ಡೂ ಎ ಮಿಸ್ಟೇಕ್ ಅಂದಾಗ ಅವನಿಗೂ ಹಾಗೇ ಕೇಳಿಸುತ್ತೆ.’

ತೊಡಕೆಲ್ಲ ನಮ್ಮ ‘ಮಾಡು’, ‘ಹಾಕು’ಗಳಲ್ಲಿ. ಊಟ, ತಪ್ಪು, ಹೋಂವರ್ಕ್ ಮೂರಕ್ಕೂ ಕನ್ನಡದಲ್ಲಿ ‘ಮಾಡು’ ಸಾಕು; ಇಂಗ್ಲಿಷಿನಲ್ಲಿ ಊಟಕ್ಕೆ ಹ್ಯಾವ್, ತಪ್ಪಿಗೆ ಮೇಕ್, ಹೋಂವರ್ಕಿಗೆ ಡೂ. ಬಾಗಿಲು ಹಾಕು, ಫ್ಯಾನ್ ಹಾಕು ಅನ್ನುವ ಬಾಯಲ್ಲೇ ‘ಪುಟ್ ದ ಡೋರ್’, ‘ಪುಟ್ ದ ಫ್ಯಾನ್’ ಹುಟ್ಟುವುದು. ಇದು ವ್ಯಾಕರಣದ ತಪ್ಪಲ್ಲ, ಯಾವ ಪದಕ್ಕೆ ಯಾವ ಪದ ಜೋಡಿ ಅನ್ನುವುದರ ತಪ್ಪು; ಹಾಗಾಗಿ ವ್ಯಾಕರಣ ಎಷ್ಟು ಉರು ಹೊಡೆದರೂ ಹೋಗುವುದಿಲ್ಲ.

ಅವರ ಮದ್ದು ಒಂದು ನೋಟ್‌ಬುಕ್. ಪುಟವನ್ನು ಉದ್ದಕ್ಕೆ ಮೂರಾಗಿ ಮಡಿಸಿ, ನಡುವೆ ನಾಮಪದ, ಎಡಕ್ಕೆ ಕ್ರಿಯಾಪದ, ಬಲಕ್ಕೆ ವಿಶೇಷಣ. ಶುರು ಯಾವಾಗಲೂ ನಾಮಪದದಿಂದ. ಜ್ವರವೋ ಮಳೆಯೋ, ಹೇಳಬೇಕಾದ್ದು ಗೊತ್ತೇ ಇರುತ್ತದೆ, ಗೊತ್ತಿಲ್ಲದ್ದು ಅದರ ಜೊತೆಗಾರ. ಫೀವರ್‌ಗೆ ಎಡದಲ್ಲಿ ಹ್ಯಾವ್, ರನ್. ಬಲದಲ್ಲಿ ಹೈ, ಮೈಲ್ಡ್. ರೇನ್‌ಗೆ ಹೆವಿ, ವಿಂಡ್‌ಗೆ ಸ್ಟ್ರಾಂಗ್. ವಾರಕ್ಕೆ ಐದೇ ನಾಮಪದ. ಅದೂ ಓದಿದ ಸಾಲಿನಿಂದಲೇ ಎತ್ತಬೇಕು. ತಲೆಯಿಂದ ತೆಗೆದು ಬರೆದರೆ ಕನ್ನಡದ ಜೋಡಿಯೇ ಇಂಗ್ಲಿಷ್ ವೇಷ ಹಾಕಿಕೊಂಡು ಬರುತ್ತದೆ. ಶನಿವಾರ ಎಡ ಮಡಿಕೆ ಮುಚ್ಚಿ ಒಪ್ಪಿಸುವುದು. ಮೇಜಿನ ಮೇಲೆ ಇಂಗ್ಲಿಷ್ ಕಲಿಯುವವರಿಗೆಂದೇ ಇರುವ ಒಂದು ಆಕ್ಸ್‌ಫರ್ಡ್ ನಿಘಂಟು. ಅದರ ಮೂಲ, ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ ಇಬ್ಬರು ಸಂಗಡಿಗರೊಂದಿಗೆ ಕಟ್ಟಿ, 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದದ್ದು. ಅರ್ಥ ನೋಡಿ ಮುಚ್ಚಿಟ್ಟರೆ ಬೈಗುಳ, ಉದಾಹರಣೆಯ ವಾಕ್ಯ ಓದಿದರೆ ಮಾತ್ರ ಬಿಡುಗಡೆ.

ಗೋಡೆಯ ಮೇಲೆ ಡ್ರಾಯಿಂಗ್ ಶೀಟ್ ಇತ್ತು: ಮೇಕ್, ಡೂ, ಹ್ಯಾವ್, ಟೇಕ್ ಎಂಬ ನಾಲ್ಕು ಸಾಲು, ಅವುಗಳಡಿ ಗುಂಡುಪಿನ್ನಿನಿಂದ ಚುಚ್ಚಿದ ಚೀಟಿಗಳು. ಒಂದು ಸಂಜೆ ಹಿಂದಿನ ಬೆಂಚಿನವರು ಹನ್ನೆರಡು ಚೀಟಿಗಳನ್ನು ಅದಲುಬದಲು ಮಾಡಿಬಿಟ್ಟರು. ಬೆಳಿಗ್ಗೆ ಮೇಷ್ಟ್ರು ಕೋಲು ಎತ್ತಲಿಲ್ಲ. ಶೀಟಿನ ಮುಂದೆ ನಿಂತು ಒಂದೊಂದೇ ಓದಿದರು. ‘ಹತ್ತು ಕೆಡಿಸಿದ್ದೀರಿ, ಎರಡು ಕೆಟ್ಟೇ ಇಲ್ಲ. ಪೂರ್ತಿ ಕೆಡಿಸೋಕೂ ಬರಲ್ವಲ್ರೋ!’ ‘ಬಾತ್’ ಹ್ಯಾವ್‌ನಿಂದ ಟೇಕ್‌ಗೆ ಹೋಗಿತ್ತು: ಬ್ರಿಟನ್ನಿನಲ್ಲಿ ಹ್ಯಾವ್ ಎ ಬಾತ್ ಹೆಚ್ಚು, ಅಮೆರಿಕದಲ್ಲಿ ಟೇಕ್ ಎ ಬಾತ್. ‘ಡಿಸಿಷನ್’ ಟೇಕ್‌ನಿಂದ ಮೇಕ್‌ಗೆ: ಎರಡೂ ನಡೆಯುತ್ತವೆ. ಹಾಗಂತ ಮೇಕ್ ಎ ಬಾತ್ ನಡೆಯದು. ಉಳಿದ ಹತ್ತನ್ನು ಅವರ ಕೈಯಲ್ಲೇ ಸರಿಯಾಗಿ ಚುಚ್ಚಿಸಿದರು.

ಈಗ ಬೋರ್ಡಿನ ಮೂಲೆಯಲ್ಲಿ ‘ದಿನಕ್ಕೆ ಹತ್ತು ಪದ’, ಎದುರಿಗೆ ಅರ್ಥ, ಮುಗಿಯಿತು. ವರ್ಷವಿಡೀ ಅದನ್ನು ಬಾಯಿಪಾಠ ಮಾಡಿದ ಮಗುವಿನ ರಜಾಚೀಟಿಯಲ್ಲಿ ಮತ್ತೆ ‘ಸ್ಟ್ರಾಂಗ್ ಫೀವರ್’. ನಮ್ಮ ಬ್ಯಾಚಿನವರ ಅರ್ಜಿಗಳಲ್ಲಿ ಅಂಥದ್ದು ಸಿಗುವುದಿಲ್ಲ. ಜಂಭ ಅಂದರೆ ಅನ್ನಿ.

ಎಲ್ಲವನ್ನೂ ತಿದ್ದುತ್ತಿದ್ದರು ಅಂತಲೂ ಅಲ್ಲ. ‘ರೈಟ್ ದ ಎಕ್ಸಾಮ್’ ಅಂದರೆ ಸುಮ್ಮನಿರುತ್ತಿದ್ದರು. ಪರೀಕ್ಷೆ ಬರೆಯೋದು ನಮ್ಮ ದೇಶದ ಇಂಗ್ಲಿಷಿನಲ್ಲಿ ನಡೆಯುತ್ತೆ, ಲಂಡನ್ನಿಗೆ ಹೋದರೆ ಮಾತ್ರ ಟೇಕ್ ಅನ್ನಿ, ಇಲ್ಲ ಸಿಟ್ ಅನ್ನಿ ಎನ್ನುತ್ತಿದ್ದರು: ‘ಅಲ್ಲಿ ಹೋಗಿ ರೈಟ್ ಅಂದರೆ ಪ್ರಶ್ನೆಪತ್ರಿಕೆ ತೆಗೆಯೋನು ನೀನೇ ಅಂದ್ಕೋತಾರೆ.’