ವೈನಿಗೆ ನಮ್ಮ ಅಡುಗೆಮನೆಯ ಮಾತು

ಮಂಗಳೂರಿನ ಬಿಜೈಯ ನಮ್ಮ ಓಣಿಯಲ್ಲಿ ನವೆಂಬರ್ ಮೊದಲ ವಾರ ಬಂತೆಂದರೆ, ಪಕ್ಕದ ಮನೆಯ ಬಾಯಮ್ಮ ಕ್ರಿಸ್ಮಸ್ಸಿನ ವೈನಿಗೆಂದು ಮಾರುಕಟ್ಟೆಯಿಂದ ಕಪ್ಪು ದ್ರಾಕ್ಷಿ ತರಿಸಿ, ಗೊಂಚಲಿನಿಂದ ಹಣ್ಣುಗಳನ್ನು ಬಿಡಿಸಿ, ತೊಳೆದು, ಹಳೆಯ ಪಂಚೆಯ ಮೇಲೆ ಹರಡಿ ಆರಲು ಬಿಡುತ್ತಿದ್ದರು. ಹಸಿನೀರಿನ ಒಂದು ಹನಿ ಸೇರಿದರೂ ಭರಣಿ ಕೆಡುತ್ತದೆ ಎಂದು ಅವರು ಹೇಳುತ್ತಿದ್ದರು. ಮಾವಿನ ಮಿಡಿ ಹಾಕುವ ನಮ್ಮ ಅಮ್ಮನೂ ಅದನ್ನೇ ಹೇಳುತ್ತಿದ್ದುದರಿಂದ ಈ ಒಂದು ವಿಷಯದಲ್ಲಿ ಎರಡು ಮನೆಗಳಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹಿಚುಕಿದ ದ್ರಾಕ್ಷಿ, ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಯೀಸ್ಟ್, ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ, ಇವಿಷ್ಟೂ ಭರಣಿಗೆ ಹೋದ ಮೇಲೆ ಅದರ ಬಾಯಿಗೆ ಬಟ್ಟೆ ಕಟ್ಟಿ, ಮೆಟ್ಟಿಲಿನ ಕೆಳಗಿನ ಕತ್ತಲೆಯಲ್ಲಿ ಇಡುತ್ತಿದ್ದರು. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕುವುದು ಬಿಟ್ಟರೆ ಇಪ್ಪತ್ತೊಂದು ದಿನ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಎಂಟು ಒಂಬತ್ತರ ಪ್ರಾಯದ ನಾನು ಆ ಭರಣಿಗೆ ಕಿವಿಯಿಟ್ಟು ಒಳಗಿನ ಸಣ್ಣ ಸದ್ದನ್ನು ಕೇಳುತ್ತಿದ್ದೆ. "ಕೊದಿಪುಂಡು ಮಗಾ" ಎಂದು ಬಾಯಮ್ಮ ತುಳುವಿನಲ್ಲಿ ಹೇಳುತ್ತಿದ್ದರು, ಕುದಿಯುತ್ತಿದೆ ಎಂದು. ಒಲೆಯಿಲ್ಲದೆ ಕುದಿಯುವುದು ಹೇಗೆಂದು ನನಗೆ ಆಗ ತಿಳಿಯಲಿಲ್ಲ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ ಎಂಬ ವಿವರ ಶಾಲೆಯಲ್ಲಿ ಸಿಕ್ಕಿತು. ಇಂಗ್ಲಿಷಿನ ಫರ್ಮೆಂಟೇಶನ್ ಎಂಬ ಪದವೂ ಕುದಿಯುವುದು ಎಂಬರ್ಥದ ಲ್ಯಾಟಿನ್ ಮೂಲದಿಂದಲೇ ಬಂದದ್ದೆಂದು ಎಷ್ಟೋ ವರ್ಷಗಳ ನಂತರ ಓದಿದೆ.

ಮದ್ಯ ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ ಎಂದು ನಾವೆಲ್ಲರೂ ತಿಳಿದಿದ್ದೆವು. ಕ್ರಿಸ್ಮಸ್ಸಿಗೆ ಬಾಯಮ್ಮನ ಮನೆಯಿಂದ ಕಿಡಿಯೊ, ನೆವ್ರಿ, ಗುಳಿಯೊ ಎಂಬ ಹಬ್ಬದ ತಿಂಡಿಗಳು ತುಂಬಿದ ಕುಸ್ವಾರ್ ತಟ್ಟೆಯ ಜೊತೆ ಬರುತ್ತಿದ್ದ ಸಣ್ಣ ಬಾಟಲಿಯನ್ನು ಅಮ್ಮ ವಿನಯದಿಂದ ತೆಗೆದುಕೊಂಡು, ತಟ್ಟೆಯನ್ನು ಬರಿದಾಗಿ ಕಳಿಸಬಾರದೆಂದು ಅದರಲ್ಲಿ ಬಾಳೆಹಣ್ಣಿಟ್ಟು ಹಿಂದಿರುಗಿಸಿ, ಬಾಟಲಿಯನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಆದರೆ ಅದೇ ಮನೆಯಲ್ಲಿ ಅಜ್ಜಿ ಪ್ರತಿದಿನ ಊಟವಾದ ಮೇಲೆ ಎರಡು ಚಮಚ ಆಯುರ್ವೇದದ ದ್ರಾಕ್ಷಾಸವ ಕುಡಿಯುತ್ತಿದ್ದರು. ಅದೂ ದ್ರಾಕ್ಷಿಯೇ, ಅದೂ ಹುದುಗಿದ್ದೇ. ಅದರಲ್ಲಿ ಮದ್ಯಸಾರ ತಾನಾಗಿ ಹುಟ್ಟಿರುತ್ತದೆ ಎಂದು ಲೇಬಲ್ಲಿನ ಮೇಲೆಯೇ ಅಚ್ಚಾಗಿರುತ್ತಿತ್ತು. ಲೇಬಲ್ ಓದುವಷ್ಟು ದೊಡ್ಡವನಾದ ದಿನ ನಾನು ಇದನ್ನು ಗಟ್ಟಿಯಾಗಿ ಓದಿ ಹೇಳಿದ್ದಕ್ಕೆ ಬೈಸಿಕೊಂಡೆ.

ವೈನನ್ನು ಕುಡಿಯುವುದಲ್ಲದೆ ಆಸ್ವಾದಿಸುವುದೂ ಉಂಟು ಎಂದು ಗೊತ್ತಾದದ್ದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ. ಗೆಳೆಯನೊಬ್ಬ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟವೊಂದಕ್ಕೆ ಕರೆದೊಯ್ದಿದ್ದ. ಬಾಯಮ್ಮನ ಭರಣಿಗೆ ಹೋಗುತ್ತಿದ್ದ, 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುವ ಸೀಮೆಯೇ ಅದು. ಆದರೆ ಇಲ್ಲಿ ಬಾಟಲಿಗೆ ಹೋಗುತ್ತಿದ್ದವು ಕೆಬರ್ನೆ ಸೊವಿನ್ಯೊ, ಶಿರಾಜ್ ಎಂಬ ಯುರೋಪಿನ ತಳಿಗಳು. ನಮ್ಮ ಮುಂದೆ ನಿಂತ ತರುಣ ಲೋಟವನ್ನು ತಿರುಗಿಸಿ, ಮೂಗಿಗೆ ಹಿಡಿದು, ಬ್ಲ್ಯಾಕ್‌ಕರಂಟ್, ಸೀಡರ್ ಮರ, ತಂಬಾಕು ಎಂದ. ನನಗೆ ಬ್ಲ್ಯಾಕ್‌ಕರಂಟ್ ಎಂದರೆ ಮಂಗಳೂರಿನ ಐಸ್‌ಕ್ರೀಮಿನ ಒಂದು ಬಣ್ಣ. ಎಲ್ಲರೂ ತಲೆಯಾಡಿಸಿದರು, ನಾನೂ ತಲೆಯಾಡಿಸಿದೆ, ಮತ್ತು ಈ ವಿದ್ಯೆ ನಮ್ಮಂಥವರಿಗಲ್ಲ ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿ ಹಿಂದಿರುಗಿದೆ.

ಆ ತೀರ್ಮಾನ ತಪ್ಪೆಂದು ತಿಳಿಯಲು ಐದಾರು ವರ್ಷ ಹಿಡಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿದ್ದ ಆ್ಯನ್ ನೋಬಲ್ ಎಂಬ ವಿಜ್ಞಾನಿ 1984ರಲ್ಲಿ ವೈನಿನ ವಾಸನೆಗಳನ್ನು ಚಕ್ರದ ಆಕಾರದಲ್ಲಿ ಜೋಡಿಸಿ ಪ್ರಕಟಿಸಿದರು. "ಸೊಗಸಾಗಿದೆ", "ಗಂಭೀರವಾಗಿದೆ" ಎಂಬಂಥ ಮಾತುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಆದ್ದರಿಂದ ಅಂಗಡಿಯಲ್ಲಿ ಸಿಗುವ ವಸ್ತುಗಳನ್ನೇ ಎದುರಿಗಿಟ್ಟು, ಮೂಸಿ, ಇದು ಅದರಂತಿದೆ ಎಂದು ಒಪ್ಪಿಕೊಳ್ಳೋಣ ಎಂಬುದು ಅವರ ವಿಚಾರ. ಅವರ ಅಂಗಡಿ ಅಲ್ಲಿಯದಾದರೆ ನನ್ನ ಅಂಗಡಿ ಹಂಪನಕಟ್ಟೆಯ ಸುತ್ತ ಇದ್ದರೇನು ತಪ್ಪು? ಒಂದು ರವಿವಾರ ಪುನರ್ಪುಳಿಯ ಒಣ ಸಿಪ್ಪೆ, ನೇರಳೆಹಣ್ಣು, ಓಲೆಬೆಲ್ಲ, ಲವಂಗ, ಕಾಳುಮೆಣಸು ಇವನ್ನೆಲ್ಲ ಬಟ್ಟಲುಗಳಲ್ಲಿಟ್ಟುಕೊಂಡು ಒಂದು ಶಿರಾಜ್ ತೆರೆದು ಕುಳಿತೆ. ಹೆಂಡತಿ ಮೊದಲು ನಕ್ಕಳು, ಅನಂತರ ಅವಳೂ ಕುಳಿತಳು.

ಮೊದಲು ಗುರುತು ಸಿಕ್ಕಿದ್ದು ಕಾಳುಮೆಣಸು. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ದು ಅಂಗಳದಲ್ಲಿ ಒಣಗಿಸುವಾಗ ಏಳುವ ಅದೇ ಘಾಟು ಲೋಟದೊಳಗಿತ್ತು. ಇದು ಬರಿಯ ಹೋಲಿಕೆಯಲ್ಲ; ಶಿರಾಜ್ ವೈನಿನಲ್ಲಿಯೂ ಕಾಳುಮೆಣಸಿನಲ್ಲಿಯೂ ರೋಟಂಡೋನ್ ಎಂಬ ಒಂದೇ ರಾಸಾಯನಿಕವಿರುವುದನ್ನು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ್ದಾರೆ. ಸುಮಾರು ಐದರಲ್ಲೊಬ್ಬರ ಮೂಗಿಗೆ ಅದು ತಾಗುವುದೇ ಇಲ್ಲವಂತೆ. ನನ್ನ ಹೆಂಡತಿ ಆ ಐದನೆಯವಳೆಂದು ಆ ದಿನ ಗೊತ್ತಾಯಿತು; ಮೆಣಸಿನ ಸಾರಿನ ಬಗ್ಗೆ ನಮ್ಮಿಬ್ಬರ ನಡುವೆ ಹನ್ನೊಂದು ವರ್ಷಗಳಿಂದ ನಡೆಯುತ್ತಿದ್ದ ಚರ್ಚೆಗೂ ಬಹುಶಃ ಇದೇ ಕಾರಣ.

ಆದರೆ ನನಗೆ ನಿಜವಾಗಿ ಬಾಗಿಲು ತೆರೆದದ್ದು ಒಗರು. ಕೆಂಪು ವೈನಿನ ಪುಸ್ತಕಗಳು ಈ ಒಗರಿನ ಅಂಶವಾದ ಟ್ಯಾನಿನ್ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ, ಬಾಯಿ ಒಣಗಿದಂತಾಗುವುದು, ಒಸಡು ಹಿಡಿದಂತಾಗುವುದು ಎಂದೆಲ್ಲ ಸುತ್ತಿಬಳಸಿ ವಿವರಿಸುತ್ತವೆ. ಗೇರುಹಣ್ಣನ್ನು ಕಚ್ಚಿದ, ಎಳೆ ಅಡಿಕೆ ಜಗಿದ ನಮ್ಮ ಕಡೆಯ ಮಗುವಿಗೆ ಈ ವಿವರಣೆ ಬೇಕಿಲ್ಲ. ಷಡ್ರಸಗಳಲ್ಲಿ ಒಗರಿಗೂ ನಾವು ಆಸನ ಕೊಟ್ಟಿದ್ದೇವೆ. ವಿಜ್ಞಾನದ ಪ್ರಕಾರ ಒಗರು ಬಹುಮಟ್ಟಿಗೆ ರುಚಿಯಲ್ಲ, ಸ್ಪರ್ಶ: ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ಬಾಯಿಯ ನುಣುಪು ಹೋಗಿ ತರಿತರಿಯಾಗುತ್ತದೆ. ಇದನ್ನು ಓದುವಾಗ ನನಗೆ ನೆನಪಾದದ್ದು ಬಾಳೆಹೂವನ್ನು ಸಣ್ಣಗೆ ಹೆಚ್ಚಿ ಮಜ್ಜಿಗೆನೀರಿನಲ್ಲಿ ಮುಳುಗಿಸಿಡುತ್ತಿದ್ದ ಅಮ್ಮನ ಕೈ. ಕಪ್ಪಾಗದಿರಲಿ ಎಂಬುದು ಒಂದು ಕಾರಣ, ಒಗರು ಇಳಿಯಲಿ ಎಂಬುದು ಇನ್ನೊಂದು. ಹಾಲಿನ ಪ್ರೋಟೀನು ಟ್ಯಾನಿನ್ನನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ವೈನ್ ತಯಾರಕರೂ ಒರಟು ವೈನನ್ನು ಹದಕ್ಕೆ ತರಲು ಹಾಲಿನ ಕೇಸೀನ್ ಎಂಬ ಪ್ರೋಟೀನನ್ನೇ ಬಳಸುವುದುಂಟು, ಕೆಂಪು ವೈನಿನ ಜೊತೆ ಚೀಸ್ ತಿನ್ನುವ ಪದ್ಧತಿಯ ಹಿಂದೆಯೂ ಇದೇ ಗುಟ್ಟಿದೆ. ವೈನಿಗೆ ಹೆಸರಾದ ಫ್ರಾನ್ಸಿನ ಬೋರ್ಡೋದ ಊಟದ ಮೇಜಿಗೂ ನಮ್ಮ ಬಾಳೆಹೂವಿನ ಪಲ್ಯಕ್ಕೂ ಹೀಗೊಂದು ನೆಂಟಸ್ತಿಕೆ ಇದೆಯೆಂದು ಕಂಡ ಕ್ಷಣ ನಾನು ಪಟ್ಟ ಸಂತೋಷ ಯಾವ ಬಾಟಲಿಯಿಂದಲೂ ಸಿಕ್ಕಿಲ್ಲ.

ಹಾಗೆಂದು ಪರಿಮಳಗಳ ಪಟ್ಟಿ ಮಾಡುತ್ತ ಕುಳಿತರೆ ವೈನ್ ಸಿಕ್ಕುವುದಿಲ್ಲ. ರಾಮನವಮಿಯ ಪಾನಕವನ್ನು ಕುಡಿಯುವಾಗ ಬೆಲ್ಲ ಇಷ್ಟು, ಏಲಕ್ಕಿ ಇಷ್ಟು, ಮೆಣಸು ಇಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಅವೆಲ್ಲವೂ ಕೂಡಿ ಅವು ಯಾವುದೂ ಅಲ್ಲದ ಇನ್ನೊಂದು ರುಚಿ ಹುಟ್ಟುತ್ತದೆ. ಕಾವ್ಯದ ರಸವನ್ನು ವಿವರಿಸಲು ಕಾಶ್ಮೀರದ ಹಳೆಯ ಮೀಮಾಂಸಕ ಅಭಿನವಗುಪ್ತ ಈ ಪಾನಕವನ್ನೇ ದೃಷ್ಟಾಂತವಾಗಿ ತಂದ, ಆಸ್ವಾದಕ್ಕೆ ಚರ್ವಣೆ, ಅಂದರೆ ಅಗಿಯುವುದು, ಎಂಬ ಮಾತನ್ನೂ ಬಳಸಿದ. ವೈನ್ ಬಲ್ಲವರು ಗುಟುಕನ್ನು ತಕ್ಷಣ ನುಂಗದೆ ಬಾಯಲ್ಲಿ ಅಗಿಯುವಂತೆ ಆಡಿಸುವುದನ್ನು ಕಂಡಾಗಲೆಲ್ಲ ನನಗೆ ಆ ಶಬ್ದ ನೆನಪಾಗುತ್ತದೆ. ಹಾಗೆ ಆಡಿಸುವಾಗ ಬಾಯಿಯ ಹಿಂಬದಿಯಿಂದ ಪರಿಮಳ ಮೂಗಿಗೇರುತ್ತದೆ, ಮತ್ತು ನಾವು ರುಚಿ ಎನ್ನುವುದರ ದೊಡ್ಡ ಪಾಲು ಆ ದಾರಿಯಿಂದಲೇ ಬರುತ್ತದೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ದ್ರಾಕ್ಷಾಪಾಕವೆಂದರೆ ನಾಲಗೆಗಿಟ್ಟೊಡನೆ ರಸ ಕೊಡುವ ಶೈಲಿ, ನಾರಿಕೇಳಪಾಕವೆಂದರೆ ಸುಲಿದು ಒಡೆದ ಮೇಲೆ ಒದಗುವಂಥದು. ಒಳ್ಳೆಯ ವೈನ್ ದ್ರಾಕ್ಷಿಯದೇ ಆದರೂ ನಾರಿಕೇಳಪಾಕದ ಪಂಕ್ತಿಯಲ್ಲಿ ಕೂರಬೇಕಾದದ್ದೆಂದು ನನ್ನ ಅಭಿಪ್ರಾಯ.

ವೈನ್ ಬಲ್ಲವರೆನಿಸಿಕೊಂಡವರನ್ನು ಗೇಲಿ ಮಾಡಲು 2001ರಲ್ಲಿ ಪ್ರಕಟವಾದ ಬೋರ್ಡೋದ ಪ್ರಯೋಗವೊಂದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಫ್ರೆಡೆರಿಕ್ ಬ್ರೋಶೆ ಎಂಬವರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳು ಅದನ್ನು ಕೆಂಪು ವೈನಿನ ಪದಗಳಲ್ಲಿಯೇ ಬಣ್ಣಿಸಿದರು. ಇದರಿಂದ ಆಸ್ವಾದವೇ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ಬಾಳೆಲೆಯ ಮೇಲಿನ ಊಟ ಸ್ಟೀಲ್ ತಟ್ಟೆಯಲ್ಲಿ ಅದೇ ಊಟವಾಗಿ ಉಳಿಯುವುದಿಲ್ಲ ಎಂದು ಬಲ್ಲ ಉಡುಪಿ ಮಂಗಳೂರಿನವರಿಗೆ ಕಣ್ಣೂ ಉಣ್ಣುತ್ತದೆ ಎಂಬುದು ಹೊಸ ಸುದ್ದಿಯಲ್ಲ.

ನಮ್ಮ ಹವೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಪುಸ್ತಕ ಹೇಳಿದಾಗ ಆ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿಯದು. ಏಪ್ರಿಲ್ ತಿಂಗಳ ಮಂಗಳೂರಿನ ಕೋಣೆಯಲ್ಲ. ನಾನು ಇದನ್ನು ತಿಳಿಯದೆ, ಮದುವೆಯ ಹತ್ತನೆಯ ವರ್ಷಕ್ಕೆಂದು ತಂದ ಬೆಲೆಯ ಬಾಟಲಿಯೊಂದನ್ನು ಹೆಂಚಿನ ಮಾಡಿನ ಕೆಳಗಿನ ಕಪಾಟಿನ ಮೇಲೆ ಎರಡು ಬೇಸಿಗೆ ಇಟ್ಟಿದ್ದೆ. ತೆರೆಯಲು ಹೊರಟಾಗ ಬೂಚು ಆಗಲೇ ಅರ್ಧ ಬೆರಳು ಮೇಲೆದ್ದಿತ್ತು. ಒಳಗಿದ್ದದ್ದು ಒಲೆಯ ಮೇಲೆ ಮರೆತ ಜಾಮ್. ಅಂದಿನಿಂದ ಬಾಟಲಿಗಳಿಗೆ ಫ್ರಿಜ್ಜಿನ ತರಕಾರಿ ಡಬ್ಬವೇ ನೆಲಮಾಳಿಗೆ, ಮತ್ತು ಬಸಳೆಗೆ ಜಾಗ ಬೇಕಾದಾಗ ಜಗಳ.

ಕಳೆದ ಡಿಸೆಂಬರಿನಲ್ಲಿ ನಂದಿಬೆಟ್ಟದ ಕಡೆಯ ಒಂದು ಕೆಬರ್ನೆಯನ್ನು ಅರ್ಧ ಗಂಟೆ ತಣ್ಣಗಾಗಿಸಿ, ಎರಡು ಲೋಟಗಳೊಂದಿಗೆ ಬಾಯಮ್ಮನ ಮನೆಗೆ ಕೊಂಡುಹೋದೆ. ಅವರಿಗೀಗ ಎಂಬತ್ತು ದಾಟಿದೆ. ಭರಣಿ ಮಗಳ ಕೈಗೆ ಹೋಗಿದೆ, ಕಲಕುವ ಹೊತ್ತಿಗೆ ಹೇಳಿಕೊಡಲು ಮಾತ್ರ ಇವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಲೋಟ ತಿರುಗಿಸುವ ಗೋಜಿಗೆ ಹೋಗದೆ ಒಂದು ಗುಟುಕು ಕುಡಿದು, ಬಾಯಲ್ಲಿ ಅತ್ತಿತ್ತ ಆಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಳೆ ಅಡಿಕೆ ಜಗಿದ ಹಾಗೆ ಉಂಟು ಮಗಾ" ಎಂದರು. ನಾನು ವರ್ಷಗಳ ಕಾಲ ಹುಡುಕಿ ಕಂಡುಕೊಂಡ ಮಾತು ಅವರ ಬಾಯಲ್ಲಿ ಅರ್ಧ ನಿಮಿಷಕ್ಕೆ ಬಂದಿತ್ತು. ಅದನ್ನು ಅವರಿಗೆ ಹೇಳೋಣವೆಂದು ನಾನು ಪೀಠಿಕೆ ಹಾಕುತ್ತಿರುವಾಗಲೇ ಅವರು ಮೇಜಿನ ಮೇಲಿದ್ದ ಸಕ್ಕರೆ ಡಬ್ಬ ತೆರೆದು, ಒಂದು ಚಮಚ ತುಂಬಿ ಲೋಟಕ್ಕೆ ಸುರಿದು, ಕಲಕಿ, ಮತ್ತೆ ಕುಡಿದು, ತೃಪ್ತಿಯಿಂದ ಚಮಚವನ್ನು ನನ್ನ ಕಡೆಗೆ ಚಾಚಿದರು. ನಾನು ಬೇಡವೆನ್ನಲಿಲ್ಲ.